ರಾಯಚೂರಿನಲ್ಲೇ ಬೇಕಾದ ಮನೆ

ವೃದ್ಧಾಶ್ರಮಗಳ ಅರ್ಜಿ ನಮೂನೆಯಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಸೇರುವವರು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವಷ್ಟು ಶಕ್ತರಾಗಿರಬೇಕು, ಮಾನಸಿಕವಾಗಿ ಆರೋಗ್ಯವಾಗಿರಬೇಕು. ಡಿಮೆನ್ಶಿಯಾದಿಂದ ನೆನಪು ಕುಗ್ಗಿದ ನಮ್ಮ ದೊಡ್ಡಪ್ಪನಿಗೆ ಜಾಗ ಹುಡುಕುವಾಗ ಈ ಷರತ್ತನ್ನು ಎಷ್ಟೋ ಕಡೆ ಓದಿದೆ, ಫೋನಿನಲ್ಲಿ ಎಷ್ಟೋ ಜನರ ಬಾಯಿಂದ ಕೇಳಿದೆ. ಕೈಕಾಲು ಗಟ್ಟಿಯಿದ್ದವರಿಗೆ ಬಾಗಿಲು ತೆರೆದಿದೆ. ಸ್ನಾನ ಮಾಡಿದ್ದು ನೆನಪಿಲ್ಲದವರಿಗೆ, ನಡುರಾತ್ರಿ ಎದ್ದು ಚಪ್ಪಲಿ ಹುಡುಕುವವರಿಗೆ, ಕಟ್ಟಿಕೊಂಡ ಹೆಂಡತಿಯನ್ನೇ ‘ನೀವು ಯಾರ ಮನೆಯವರು?’ ಎಂದು ಕೇಳುವವರಿಗೆ ಇಲ್ಲ. ಆಸರೆ ಹೆಚ್ಚು ಬೇಕಾದವರೇ ಹೊರಗೆ ಉಳಿಯುವ ಈ ಏರ್ಪಾಡು ನನಗೆ ಇಂದಿಗೂ ಅರಗಿಲ್ಲ.

ದೊಡ್ಡಪ್ಪ ರಾಯಚೂರಿನ ರಾಜೇಂದ್ರ ಗಂಜಿನ, ಅಂದರೆ ದವಸಧಾನ್ಯದ ಮಾರುಕಟ್ಟೆಯ, ಅಡತ್ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಆಯುಷ್ಯ ಕಳೆದವರು. ಹತ್ತಿ, ಶೇಂಗಾ, ತೊಗರಿ, ಭತ್ತ, ಯಾವುದೇ ಇರಲಿ, ಗಾಡಿಯಿಂದ ಇಳಿಯುವ ಚೀಲಗಳನ್ನು ಎಣಿಸಿ, ತೂಕ ಬರೆದುಕೊಂಡು, ಹಮಾಲಿ ಕಳೆದು, ರೈತರ ಕೈಗೆ ಪಟ್ಟಿ ಕೊಡುವುದು ಅವರ ಕೆಲಸ. ಹುಟ್ಟಿದ್ದು ನಿಜಾಮರ ಕಾಲದಲ್ಲಿ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರುವ ಹೊತ್ತಿಗೆ ಶಾಲೆಯಲ್ಲಿ ಉರ್ದು ಅಕ್ಷರ ತಿದ್ದುತ್ತಿದ್ದ ಹುಡುಗ. ಆಮೇಲೆ ಕನ್ನಡ ಕಲಿತರು, ಗಂಜಿಗೆ ಬಂದ ಮೇಲೆ ತೆಲುಗನ್ನೂ ಕಲಿತರು. ಎಣಿಕೆ ಮಾತ್ರ ಇಂದಿಗೂ ಉರ್ದುವಿನಲ್ಲೇ: ಸತ್ತರ್, ಅಸ್ಸಿ, ನವ್ವೇ. ಈ ಊರಿನ ಹಿರಿಯರಲ್ಲಿ ಇಂಥವರು ಓಣಿಗೊಬ್ಬರು ಸಿಗುತ್ತಾರೆ.

ಡಿಮೆನ್ಶಿಯಾ ಎಂದರೆ ಒಂದೇ ರೋಗವಲ್ಲ. ಮೆದುಳಿಗೆ ಆಗುವ ಬೇರೆ ಬೇರೆ ಹಾನಿಗಳಿಂದ ನೆನಪು, ಮಾತು, ದಿಕ್ಕಿನ ಅರಿವು, ತೀರ್ಮಾನಿಸುವ ಶಕ್ತಿ ಒಂದೊಂದಾಗಿ ಕುಗ್ಗುವ ಸ್ಥಿತಿ ಅದು. ಶೇಕಡ 60ರಿಂದ 70ರಷ್ಟು ಪ್ರಕರಣಗಳಲ್ಲಿ ಆಲ್ಝೈಮರ್ ಕಾಯಿಲೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಲ್ಝೈಮರ್‌ನ ಮೊದಲ ಪೆಟ್ಟು ಸಾಮಾನ್ಯವಾಗಿ ಬೀಳುವುದು ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ. ಬೆಳಿಗ್ಗೆ ತಿಂದದ್ದು ಹೋಗುತ್ತದೆ, ಐವತ್ತು ವರ್ಷದ ಹಿಂದಿನದು ಉಳಿಯುತ್ತದೆ. ಕೈಗೆ ರೂಢಿಯಾದ ಕೆಲಸ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಹಲವು ಭಾಷೆ ಬಲ್ಲವರಲ್ಲಿ ತಡವಾಗಿ ಕಲಿತದ್ದು ಮೊದಲು ಜಾರಿ, ಬಾಲ್ಯದ ಭಾಷೆ ಕಡೆಗೆ ಕೈಹಿಡಿಯುವುದು ಅನೇಕ ಕಡೆ ಕಂಡುಬಂದಿದೆ.

ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಓದಿದವರಿಗಿಂತ ಶಾಲೆಯ ಮುಖ ನೋಡದವರಲ್ಲಿ ಹೆಚ್ಚು ಎಂದೂ ಅದು ಹೇಳುತ್ತದೆ. ಹಳ್ಳಿ, ಹೆಂಗಸು, ಓದಿಲ್ಲದವರು: ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ನೋಡಿದರೂ ಆ ಮಾತು ಯಾರ ಬಗ್ಗೆ ಎಂದು ತಿಳಿಯುತ್ತದೆ. ಆದರೆ ಆರೈಕೆ ಕೇಂದ್ರಗಳು ಇರುವುದು ಹೆಚ್ಚಾಗಿ ಬೆಂಗಳೂರಿನಂಥ ಮಹಾನಗರಗಳಲ್ಲಿ.

ವಯಸ್ಸಾದವರು ಮರೆತದ್ದನ್ನೆಲ್ಲ ‘ಅರಳುಮರಳು’ ಎಂದು ಬಿಟ್ಟುಬಿಡುವ ಮುನ್ನ ವೈದ್ಯರಿಂದ ಪೂರ್ತಿ ತಪಾಸಣೆ ಮಾಡಿಸಿ ಎಂದು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಎಂದೋ ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವುಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಕಡಿಮೆಯಾಗಲೂಬಹುದು. ದೊಡ್ಡಪ್ಪನಿಗೆ ಅವೆಲ್ಲ ನೋಡಿ ಆಯಿತು. ಯಾವುದೂ ಇರಲಿಲ್ಲ.

ಮೊದಲ ವರ್ಷಗಳನ್ನು ದೊಡ್ಡವ್ವ ಒಬ್ಬಳೇ ನಿಭಾಯಿಸಿದಳು. ಆಕೆಗೂ ಮಂಡಿ ನೋವು, ಬಿ.ಪಿ. ಮಾತ್ರೆ. ಕತ್ತಲಿರುವಾಗಲೇ ಎದ್ದು ‘ಗಂಜಿಗೆ ಹೊತ್ತಾಯಿತು’ ಎಂದು ಅಗಳಿ ತೆಗೆಯುವ ಗಂಡನನ್ನು ತಡೆಯುವುದು, ಸಮಾಧಾನ ಮಾಡುವುದು, ಒದ್ದೆಯಾದ ಧೋತರ ಬದಲಿಸುವುದು, ಮತ್ತೆ ಮಲಗಿಸುವುದು, ಅಷ್ಟರಲ್ಲಿ ಬೆಳಕು ಹರಿಯುವುದು. ಅವರ ಮಕ್ಕಳಿಬ್ಬರೂ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾರೆ. ಆಶ್ರಮದ ಮಾತು ಎತ್ತಿದಾಗ ಬಂಧುಗಳು ಮೂಗು ಮುರಿದರು, ‘ಹೆತ್ತವರನ್ನು ಹೊರಹಾಕುವುದೆಂದರೆ ಏನು’ ಎಂದರು. ಹಾಗೆ ಅಂದವರಲ್ಲಿ ಒಬ್ಬರೂ ಒಂದು ರಾತ್ರಿ ಬಂದು ಮಲಗಲಿಲ್ಲ. ಈ ಕಾಯಿಲೆಯಲ್ಲಿ ನೋಡಿಕೊಳ್ಳುವವರ ಜೀವವೂ ಸವೆಯುತ್ತದೆ. ಮನೆಯಲ್ಲೇ ನೋಡಿಕೊಳ್ಳುವುದು ಧರ್ಮ ಎನ್ನುವವರು ಆ ಧರ್ಮದ ಭಾರ ಯಾವ ಹೆಂಗಸಿನ ಹೆಗಲ ಮೇಲಿದೆ ಎಂದೂ ನೋಡಬೇಕು. ಒಳ್ಳೆಯ ಆರೈಕೆಯ ಮನೆಗೆ ಸೇರಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ನಾನು ನಂಬುತ್ತೇನೆ.

ಹೀಗಾಗಿ ದೊಡ್ಡಪ್ಪ ಬೆಂಗಳೂರಿಗೆ ಹೋದರು, ಹಿರಿಯ ಮಗನ ಮನೆಗೆ ಹತ್ತಿರದ ಒಂದು ಕೇಂದ್ರಕ್ಕೆ. ತಿಂಗಳ ಶುಲ್ಕಕ್ಕೆ ಮಗನ ಸಂಬಳದ ಬಹುಪಾಲು ಹೋಗುತ್ತಿತ್ತು. ಜಾಗ ಸ್ವಚ್ಛವಾಗಿತ್ತು, ಆರೈಕೆ ಮಾಡುವ ಹುಡುಗಿಯರು ದನಿ ಏರಿಸದೆ ಮಾತನಾಡುತ್ತಿದ್ದರು, ವೈದ್ಯರು ವಾರವಾರ ಬರುತ್ತಿದ್ದರು. ಆದರೂ ಸ್ವಲ್ಪ ದಿನಕ್ಕೇ ಅವರ ಕಡತದಲ್ಲಿ ‘ಮಲಮೂತ್ರದ ನಿಯಂತ್ರಣವಿಲ್ಲ’ ಎಂದು ಬರೆದು ಡಯಾಪರ್ ಹಾಕಲಾಗಿತ್ತು. ಊರಿನಲ್ಲಿದ್ದಾಗ ಹಗಲು ಹೊತ್ತು ಅವರಿಗೆ ಆ ತೊಂದರೆ ಇರಲಿಲ್ಲ.

ಕಾರಣ ಗೊತ್ತಾದದ್ದು ನಾನು ಪಕ್ಕದಲ್ಲಿ ಕುಳಿತಿದ್ದಾಗ. ಅವರು ಕುರ್ಚಿಯ ಕೈ ಹಿಡಿದು ಎದ್ದು, ಧೋತರದ ಅಂಚು ಎತ್ತಿಕೊಂಡು, ‘ಹೊರಕಡೆ ಹೋಗಬೇಕು’ ಎಂದರು. ನಮ್ಮ ಕಡೆ ಹಿರಿಯರು ಹಾಗೆಂದರೆ ಚೊಂಬಿನಲ್ಲಿ ನೀರು ತುಂಬಿ ಕೊಡುತ್ತೇವೆ. ಒಡಿಶಾದಿಂದ ಬಂದು ಆರು ತಿಂಗಳಲ್ಲಿ ಅಷ್ಟಿಷ್ಟು ಕನ್ನಡ ಕಲಿತಿದ್ದ ಆ ಹುಡುಗಿ ಪ್ರೀತಿಯಿಂದಲೇ ಅವರ ತೋಳು ಹಿಡಿದು, ‘ಹೊರಗೆ ಬೇಡ ತಾತ, ಬಿಸಿಲಿದೆ, ಆಮೇಲೆ ಹೋಗೋಣ’ ಎಂದು ಕೂರಿಸಿದಳು. ಅವರು ಮತ್ತೆ ಎದ್ದರು, ಆಕೆ ಮತ್ತೆ ಕೂರಿಸಿದಳು. ಮೂರನೆಯ ಸಲ ಅವರು ಸಿಟ್ಟಿನಿಂದ ಕೈ ಕೊಡವಿದರು. ನಾನು ಎದ್ದು ಕರೆದುಕೊಂಡು ಹೋದೆ. ಒಳಗೆ ಹೋಗಿ ಕುಳಿತು, ಎಂದಿನಂತೆ ತಾವೇ ತೊಳೆದುಕೊಂಡು ಬಂದರು. ಅಲ್ಲಿನ ಕಡತದಲ್ಲಿ ಇನ್ನೊಂದು ಸಾಲೂ ಇತ್ತು: ‘ಪದೇ ಪದೇ ಹೊರಗೆ ಓಡಲು ನೋಡುತ್ತಾರೆ, ತಡೆದರೆ ಕೈ ಮಾಡುತ್ತಾರೆ.’ ಎರಡೂ ಸಾಲು ಹುಟ್ಟಿದ್ದು ಒಂದೇ ಮಾತಿನಿಂದ.

ಆ ಹುಡುಗಿಯನ್ನು ದೂರುವುದಿಲ್ಲ. ದೊಡ್ಡಪ್ಪ ಏನನ್ನಾದರೂ ಎಣಿಸುತ್ತಾ ಕೂತಾಗ ಅಲ್ಲಿ ಅವರಿಗೆ ಜೊತೆಯಾದವಳೂ ಅವಳೇ, ಏಕೆಂದರೆ ಹಿಂದಿ ಬಲ್ಲ ಅವಳಿಗೆ ಅವರ ಉರ್ದು ಎಣಿಕೆ ತಿಳಿಯುತ್ತಿತ್ತು. ಆದರೆ ತಟ್ಟೆಯಲ್ಲಿ ಮೂರು ಹೊತ್ತೂ ಮೆತ್ತಗಿನದು: ಇಡ್ಲಿ, ಅನ್ನ, ಸಾರು. ಅವರ ಕೈ ಅನ್ನದ ಪಕ್ಕದಲ್ಲಿ ಏನನ್ನೋ ಹುಡುಕುತ್ತಿತ್ತು. ಹಲ್ಲಿಲ್ಲದಿದ್ದರೂ ಜೋಳದ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ಮುರಿದು ನೆನೆಸಿ ಉಣ್ಣುವ ಜೀವ ಅದು. ತೂಕ ಇಳಿಯಿತು. ಈ ಕಾಯಿಲೆಯವರಲ್ಲಿ ತೂಕ ಇಳಿಯುವುದು ಸಾಮಾನ್ಯವೇ. ಆದರೆ ಕೈಗೆ ಪರಿಚಯವಿರುವ ಊಟ ಮುಂದಿಟ್ಟರೆ ಇನ್ನೆರಡು ತುತ್ತು ಹೆಚ್ಚು ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಇದು ಹಳ್ಳಿಯವರ ಹಟ ಎಂದುಕೊಳ್ಳುವವರಿಗಾಗಿ ನೆದರ್‌ಲ್ಯಾಂಡ್ಸ್‌ನ ಒಂದು ಉದಾಹರಣೆ ಹೇಳಬೇಕು. ಆಮ್‌ಸ್ಟರ್‌ಡ್ಯಾಮ್ ಬಳಿಯ ವೇಸ್ಪ್‌ನಲ್ಲಿ ಹೋಗೆವೆಯ್ಕ್ ಎಂಬ ಪುಟ್ಟ ಬಡಾವಣೆಯಿದೆ, 2009ರಲ್ಲಿ ತೆರೆದದ್ದು. ತೀವ್ರ ಡಿಮೆನ್ಶಿಯಾ ಇರುವ 150ಕ್ಕೂ ಹೆಚ್ಚು ಮಂದಿ ಅಲ್ಲಿ ಆರೇಳು ಜನರ ಮನೆಗಳಲ್ಲಿ ಇರುತ್ತಾರೆ. ಅಂಗಡಿ, ಕಾಫಿ ಹೋಟೆಲು, ಅಂಗಳ, ಕಾರಂಜಿ ಎಲ್ಲವೂ ಒಳಗೇ. ಬೀದಿಯಲ್ಲಿ ಎಷ್ಟು ತಿರುಗಾಡಿದರೂ ಯಾರೂ ತಡೆಯುವುದಿಲ್ಲ. ನನ್ನ ಗಮನ ಸೆಳೆದದ್ದು ಮನೆಗಳನ್ನು ಹಂಚಿದ ರೀತಿ. ಯಾರು ಹೇಗೆ ಬದುಕಿದ್ದರೋ ಅದಕ್ಕೆ ತಕ್ಕಂತೆ ಮನೆ. ಆರಂಭದಲ್ಲಿ ಅಂಥ ಏಳು ಬಗೆಗಳಿದ್ದವು, ಅವುಗಳಲ್ಲಿ ಒಂದು ಹಿಂದಿನ ಡಚ್ ವಸಾಹತಾಗಿದ್ದ ಇಂಡೋನೇಷ್ಯಾದ ನಂಟು ಇದ್ದವರಿಗೆಂದೇ ಮೀಸಲು. ಅಲ್ಲಿ ಆ ಸೀಮೆಯ ಅಡುಗೆ, ಆ ಸೀಮೆಯ ಅಲಂಕಾರ. ಅಷ್ಟು ಸಿರಿವಂತ ದೇಶದವರು ಮುದುಕರ ಊಟದ ರುಚಿಯನ್ನು ಆರೈಕೆಯ ಭಾಗವೆಂದು ಎಣಿಸಿರುವಾಗ, ನಾವು ರೊಟ್ಟಿ ಕೇಳಿದರೆ ಅತಿಯಾಗುವುದಿಲ್ಲ.

ದೊಡ್ಡವ್ವ ಹಟ ಹಿಡಿದು ಗಂಡನನ್ನು ಊರಿಗೆ ಕರೆಸಿಕೊಂಡಳು. ಈಗ ಮಾನ್ವಿ ಕಡೆಯ ಹೆಂಗಸೊಬ್ಬಳು ಹಗಲು ಹೊತ್ತು ನೋಡಿಕೊಳ್ಳುತ್ತಾಳೆ. ಯಾವ ತರಬೇತಿಯೂ ಆಗಿಲ್ಲ, ಅತ್ತೆಗೆ ಕೊನೆಗಾಲದಲ್ಲಿ ಮಾಡಿದ ಅನುಭವವೇ ಬಂಡವಾಳ. ಹೊತ್ತು ಇಳಿಯುವಾಗ ಅವರ ಚಡಪಡಿಕೆ ಹೆಚ್ಚುತ್ತದೆ. ಸಂಜೆಯ ಈ ತಳಮಳ ಡಿಮೆನ್ಶಿಯಾ ಇರುವ ಬಹಳ ಮಂದಿಯಲ್ಲಿ ಕಾಣುವಂಥದ್ದು. ಆಗ ಆಕೆ ಮೊರದ ತುಂಬ ಶೇಂಗಾಕಾಯಿ ತಂದು ಅವರ ಮುಂದಿಡುತ್ತಾಳೆ. ‘ಅಜ್ಜ, ಮಾಲು ಬಂದಿದೆ, ನೋಡಿ’ ಎನ್ನುತ್ತಾಳೆ. ಅವರು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಹೆಬ್ಬೆರಳಿನಿಂದ ಒತ್ತಿ ಒಡೆಯುತ್ತಾರೆ, ಕಾಳಿನ ಸಿಪ್ಪೆಯನ್ನು ಉಗುರಿನಿಂದ ಕೆರೆದು ನೋಡುತ್ತಾರೆ. ‘ಹಸಿ ಇದೆ, ಇನ್ನೆರಡು ದಿನ ಒಣಗಲಿ’ ಎಂದು ತೀರ್ಪು ಕೊಡುತ್ತಾರೆ. ಆಮೇಲೆ ಎಣಿಸುತ್ತಾ ಗುಡ್ಡೆ ಹಾಕುತ್ತಾರೆ. ತಪ್ಪುತ್ತಾರೆ, ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಮುಖದಲ್ಲಿ ಗಾಬರಿ ಇರುವುದಿಲ್ಲ. ಹೊರಗಿನ ದೀಪ ಹಾಕುವ ಹೊತ್ತಿಗೆ ಆ ಸಂಜೆ ದಾಟಿರುತ್ತದೆ.

ಇದನ್ನು ಕೇಳಿ ‘ಹಾಗಾದರೆ ಮನೆಯೇ ಮೇಲು’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಹೆಂಗಸಿಗೆ ವಾರದ ರಜೆಯಿಲ್ಲ. ಆಕೆ ಹಬ್ಬಕ್ಕೆ ಊರಿಗೆ ಹೋದರೆ ನಮ್ಮ ಮನೆಯ ಗತಿ ಹೇಳತೀರದು. ರಾತ್ರಿ ಇಂದಿಗೂ ದೊಡ್ಡವ್ವನದೇ. ಕಾಯಿಲೆ ಮುಂದೆ ಹೋಗುತ್ತದೆ. ನುಂಗುವುದು ಕಷ್ಟವಾಗುತ್ತದೆ, ನಡೆಯುವುದು ನಿಲ್ಲುತ್ತದೆ, ಹಾಸಿಗೆ ಹುಣ್ಣಿನ ಭಯ ಬರುತ್ತದೆ. ಅಷ್ಟು ಹೊತ್ತಿಗೆ ಇಬ್ಬರು ಮೂವರ ಕೈ ಬೇಕು, ಪಾಳಿಯ ಮೇಲೆ ಎಚ್ಚರವಿರುವವರು ಬೇಕು. ನಮಗಾದರೂ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳುವಷ್ಟು ಅನುಕೂಲವಿದೆ.

ಇಲ್ಲದವರ ಮಾತೇನು? ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಗುಳೆ ಶುರುವಾಗುತ್ತದೆ. ದುಡಿಯುವ ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಗೋವಾಕ್ಕೋ ಹೋಗುತ್ತಾರೆ. ಮನೆಗೆ ಬೀಗ ಹಾಕಲಾರದೆ ಮುದುಕಿಯನ್ನು ಬಿಟ್ಟು ಹೋಗುತ್ತಾರೆ, ಜೋಳ, ಬೇಳೆ ಇಟ್ಟು, ಪಕ್ಕದ ಮನೆಯವರಿಗೆ ಹೇಳಿ. ಆ ಮುದುಕಿಗೆ ಒಲೆ ಹೊತ್ತಿಸಿದ್ದು ನೆನಪಿರದಿದ್ದರೆ? ಬಾಯಾರಿಕೆಯೇ ತಿಳಿಯದಿದ್ದರೆ? ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಡಿಮೆನ್ಶಿಯಾ ಇರುವವರು ನೀರು ಕುಡಿಯುವುದನ್ನೇ ಮರೆಯುತ್ತಾರೆ, ದೇಹದ ನೀರಿನಂಶ ಇಳಿದರೆ ಗೊಂದಲ ಒಂದೇ ದಿನದಲ್ಲಿ ಇಮ್ಮಡಿಯಾಗುತ್ತದೆ, ಇಲ್ಲದ್ದನ್ನು ಕಾಣುತ್ತಾರೆ, ಮಂಕಾಗಿ ಮಲಗಿಬಿಡುತ್ತಾರೆ. ಮೂತ್ರದ ಸೋಂಕಿನಿಂದಲೂ ಹೀಗೆಯೇ ಆಗುತ್ತದೆ. ನೋಡಿದವರು ‘ಮುಗಿಯಿತು’ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಒಂದೆರಡು ಬಾಟಲಿ ಸಲೈನ್, ಒಂದಿಷ್ಟು ಔಷಧಿಯಿಂದ ಸುಧಾರಿಸುವಂಥದ್ದು ಅದು.

ನನ್ನನ್ನು ಹೆಚ್ಚು ಕಾಡುವುದು ಇದು: ನಮ್ಮ ದೇವದುರ್ಗದ ಹೆಂಗಸರು ಬೆಂಗಳೂರಿನಲ್ಲಿ ಬುಟ್ಟಿ ಹೊತ್ತು ಸಿಮೆಂಟು ಸುರಿಯುತ್ತಿದ್ದಾರೆ. ನಮ್ಮ ದೊಡ್ಡಪ್ಪಂದಿರು ಅದೇ ಬೆಂಗಳೂರಿಗೆ ಹೋಗಿ, ಸಾವಿರ ಮೈಲಿ ದೂರದಿಂದ ಬಂದ ಹುಡುಗಿಯರಿಂದ ತುತ್ತು ತಿನ್ನಿಸಿಕೊಳ್ಳುತ್ತಿದ್ದಾರೆ. ಆ ಹುಡುಗಿಯರ ಅಜ್ಜಂದಿರನ್ನು ಅವರ ಊರಿನಲ್ಲಿ ಯಾರು ನೋಡಿಕೊಳ್ಳುತ್ತಾರೋ. ‘ಹೊರಕಡೆ’ ಎಂದ ಕೂಡಲೇ ಚೊಂಬು ತುಂಬುವ, ರೊಟ್ಟಿ ಬಡಿಯುವ, ಹಿರಿಯರಿಗೆ ಹೇಗೆ ಮಾತನಾಡಬೇಕೆಂದು ಬಲ್ಲ ಹೆಂಗಸರು ಈ ಜಿಲ್ಲೆಯಲ್ಲಿ ಬೇಕಾದಷ್ಟು ಇದ್ದಾರೆ. ಅವರಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ಉಸಿರು ಕಟ್ಟದಂತೆ ಉಣ್ಣಿಸುವುದು, ಸಿಟ್ಟು ಬಂದವರನ್ನು ವಾದ ಮಾಡದೆ ಸಮಾಧಾನಿಸುವುದು ಕಲಿಸಿ, ಮರ್ಯಾದೆಯ ಸಂಬಳ ಕೊಟ್ಟರೆ ಗುಳೆ ಹೋಗುವ ಕೆಲವು ಮನೆಗಳಾದರೂ ನಿಲ್ಲುತ್ತವೆ.

ಅಂಥ ಮನೆ ದೊಡ್ಡದಾಗಿರಬಾರದು. ತಂದೆತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಎಂದು ಹೇಳುತ್ತದೆ. ಆಶಯ ದೊಡ್ಡದು. ಆದರೆ 150 ಮಂದಿಯ ಸಾಲು ಮಂಚಗಳ ನಡುವೆ ಡಿಮೆನ್ಶಿಯಾ ಇರುವವರು ಇನ್ನಷ್ಟು ಕಳೆದುಹೋಗುತ್ತಾರೆ. ಹತ್ತು ಹನ್ನೆರಡು ಜನರ ಮನೆ ಸಾಕು, ನಡುವೆ ಅಂಗಳ, ಬೇವಿನ ಮರ, ಸುತ್ತಿ ಬಂದರೆ ಹೊರಟಲ್ಲಿಗೇ ತಲುಪುವ ದಾರಿ. ಹೊಳೆಯುವ ಗ್ರಾನೈಟ್ ನೆಲ ಬೇಡ. ಅದು ಅವರ ಕಣ್ಣಿಗೆ ನೀರು ನಿಂತಂತೆ ಕಾಣಬಹುದು, ಕಪ್ಪು ಕಾಲೊರಸು ಗುಂಡಿಯಂತೆ ಕಾಣಬಹುದು. ಜೀವಮಾನವೆಲ್ಲ ನೆಲದ ಮೇಲೆ ಮಲಗಿದವರಿಗೆ ಆಸ್ಪತ್ರೆಯ ಎತ್ತರದ ಮಂಚ ಹಾಕಿದರೆ ಬೀಳುತ್ತಾರೆ, ಮೊಳದೆತ್ತರದ ಮಂಚ ಸಾಕು. ಪಾಯಖಾನೆಯ ಬಾಗಿಲು ಮಲಗಿದಲ್ಲಿಂದಲೇ ಕಾಣಬೇಕು, ಗೋಡೆಗಿಂತ ಬೇರೆ ಬಣ್ಣದ್ದಾಗಿರಬೇಕು. ಬೇಸಿಗೆಯಲ್ಲಿ ಗಂಟೆಗೊಮ್ಮೆ ಕೇಳದೆಯೇ ಮಜ್ಜಿಗೆಯ ಲೋಟ ಕೈಗೆ ಬರಬೇಕು. ಹಗಲು ಮಾತ್ರ ಬಿಟ್ಟು, ಸಂಜೆ ಕರೆದೊಯ್ಯುವ ಅನುಕೂಲವೂ ಇದ್ದರೆ ದೊಡ್ಡವ್ವನಂಥವರು ಮಧ್ಯಾಹ್ನ ಎರಡು ತಾಸು ಕಣ್ಣು ಮುಚ್ಚಬಹುದು.

ಈಗಲೇ ಎಲ್ಲಾದರೂ ಸೇರಿಸಬೇಕಾದವರು ಜಾಗ ನೋಡಲು ಸಂಜೆ ಐದರ ಮೇಲೆ ಹೋಗಿ. ಬೆಳಿಗ್ಗೆ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ ಎಂದು ಕೇಳಿ. ಯಾರನ್ನಾದರೂ ಕುರ್ಚಿಗೋ ಮಂಚಕ್ಕೋ ಕಟ್ಟಿದ್ದಾರೆಯೇ ನೋಡಿ. ಮಲಗುವ ಮುನ್ನ ಕೊಡುವ ಮಾತ್ರೆಯ ಹೆಸರು ಬರೆದುಕೊಂಡು ನಿಮ್ಮ ವೈದ್ಯರಿಗೆ ತೋರಿಸಿ. ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳು ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಕಟ್ಟೆಚ್ಚರ ನೀಡಿತ್ತು. ಬೇರೆ ದಾರಿಯಿಲ್ಲದಾಗ ವೈದ್ಯರು ಅವನ್ನು ಸ್ವಲ್ಪ ಕಾಲ ಬರೆಯುವುದುಂಟು. ಸಿಬ್ಬಂದಿ ಕಡಿಮೆಯೆಂದು ಎಲ್ಲರನ್ನೂ ಮಲಗಿಸಿಡಲು ಕೊಡುವುದು ಅನ್ಯಾಯ. ಎಲ್ಲಕ್ಕಿಂತ ಮೊದಲು, ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ಮುಂಗಡ ಹಣ, ಆಧಾರ್, ಸಕ್ಕರೆ ಕಾಯಿಲೆ ಕೇಳಿ ಮುಗಿಸಿದರೆ ಯೋಚಿಸಬೇಕು. ಯಾವ ಕೆಲಸ ಮಾಡುತ್ತಿದ್ದರು, ಯಾವ ಹೆಸರಿನಿಂದ ಕರೆಯಬೇಕು, ಶೌಚಕ್ಕೆ ಏನನ್ನುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂದು ಕೇಳಿದರೆ ಆ ಜಾಗವನ್ನು ನಂಬಬಹುದು. ಅವರು ಕೇಳದಿದ್ದರೆ ನೀವೇ ಎರಡು ಪುಟ ಬರೆದು ಕೊಡಿ.

ಹಣದ ಮಾತು ಬರುತ್ತದೆ. 2007ರ ಕಾಯ್ದೆಯಡಿ ಸಹಾಯಕ ಆಯುಕ್ತರ ನ್ಯಾಯಮಂಡಳಿ ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಬಹುದು. ಹಿರಿಯರು ತಾವೇ ಅರ್ಜಿ ಹಾಕಲಾರದಿದ್ದರೆ ಅವರ ಪರವಾಗಿ ಬೇರೆಯವರು ಹಾಕಬಹುದು. ಗುಳೆ ಹೋದ ಮಗನಿಂದ ಎಷ್ಟು ಕೊಡಿಸುತ್ತೀರಿ? ಇಲ್ಲಿ ಸರ್ಕಾರವೇ ಕೈ ಹಾಕಬೇಕು. ಕೇರಳ 2014ರಲ್ಲೇ ಡಿಮೆನ್ಶಿಯಾಕ್ಕೆಂದು ಪ್ರತ್ಯೇಕ ಕಾರ್ಯಕ್ರಮ ಆರಂಭಿಸಿತು. ನಮ್ಮ ರಾಜ್ಯ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆದಿದೆ, ಅದು ಒಳ್ಳೆಯದು. ಕ್ಲಿನಿಕ್ ಕಾಯಿಲೆಯ ಹೆಸರು ಹೇಳುತ್ತದೆ, ಮಾತ್ರೆ ಬರೆಯುತ್ತದೆ. ಚೀಟಿ ಹಿಡಿದು ಹೊರಗೆ ಬಂದ ಮೇಲೆ ಮುಂದಿನ ಎಂಟು ಹತ್ತು ವರ್ಷ ಏನು ಮಾಡಬೇಕು?

ಏಮ್ಸ್ ಬೇಕೆಂದು 2022ರಿಂದ ಧರಣಿ ಕುಳಿತ ಊರು ನಮ್ಮದು. ಆ ಬೇಡಿಕೆ ನ್ಯಾಯವಾದದ್ದು. ಆದರೆ ನಾನು ಹೇಳುತ್ತಿರುವ ಮನೆಗೆ ಅಂಥ ಕಟ್ಟಡವಾಗಲಿ, ಕೋಟಿಗಟ್ಟಲೆಯ ಯಂತ್ರವಾಗಲಿ ಬೇಡ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಬಲದಿಂದ ಹುಟ್ಟಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ರಸ್ತೆ, ಶಾಲಾ ಕೊಠಡಿಗಳ ಜೊತೆಗೆ ತಾಲ್ಲೂಕಿಗೊಂದು ಇಂಥ ಮನೆ ಅದರಲ್ಲಿ ಹಿಡಿಸದೇ ಇರುವುದಿಲ್ಲ.

ಸೆಪ್ಟೆಂಬರ್ 21 ವಿಶ್ವ ಆಲ್ಝೈಮರ್ ದಿನ. ಆ ದಿನ ರಾಯಚೂರು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಮನವಿ ಕೊಡಬೇಕೆಂದು ಇದೇ ಕಷ್ಟ ಉಂಡ ಕೆಲವು ಮನೆಯವರು ಮಾತನಾಡಿಕೊಂಡಿದ್ದೇವೆ. ಕೇಳುವುದು ಇಷ್ಟು: ಮೊದಲಿಗೆ ಜಿಲ್ಲಾ ಕೇಂದ್ರದಲ್ಲಿ ಹನ್ನೆರಡು ಜನರ ಒಂದು ಮನೆ, ಅದರೊಂದಿಗೆ ಹಗಲು ಆರೈಕೆ, ಆರೈಕೆ ಮಾಡುವ ಹೆಂಗಸರಿಗೆ ಈ ಜಿಲ್ಲೆಯಲ್ಲೇ ತರಬೇತಿ ಮತ್ತು ನೇಮಕ. ಸಿಂಧನೂರು, ಮಾನ್ವಿ, ಲಿಂಗಸುಗೂರು, ದೇವದುರ್ಗದ ಕಡೆ ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ನೀವೂ ಬನ್ನಿ. ಬರಲಾಗದಷ್ಟು ಆರೈಕೆಯ ಭಾರ ಇದ್ದರೆ ಒಂದು ಕಾಗದದ ಮೇಲೆ ನಿಮ್ಮ ರಾತ್ರಿ ಹೇಗೆ ಕಳೆಯುತ್ತದೆ ಎಂದು ಬರೆದು ಸಹಿ ಹಾಕಿ ಕಳಿಸಿ. ಮನವಿಯ ಜೊತೆ ಅವನ್ನೂ ಲಗತ್ತಿಸುತ್ತೇವೆ.